ರಾಜಕುಮಾರಿ ಅಮೃತ್ ಕೌರ್: ಆರೋಗ್ಯ ಖಾತೆಯ ಹತ್ತು ವರ್ಷಗಳು

ಸ್ವತಂತ್ರ ಭಾರತದ ಪ್ರಥಮ ಮಂತ್ರಿಮಂಡಲದಲ್ಲಿ ಸ್ಥಾನ ಪಡೆದ ಏಕೈಕ ಮಹಿಳೆ ರಾಜಕುಮಾರಿ ಅಮೃತ್ ಕೌರ್. 1947ರಿಂದ 1957ರವರೆಗೆ ಅವರು ಕೇಂದ್ರದ ಆರೋಗ್ಯ ಖಾತೆಯನ್ನು ನಿರ್ವಹಿಸಿದರು. ಗಾಂಧೀಜಿಯವರ ಕಾರ್ಯದರ್ಶಿಯೆಂದು ಅವರನ್ನು ಸ್ಮರಿಸುವವರು ಹಲವರಿದ್ದಾರೆ. ಸಚಿವೆಯಾಗಿ ಅವರು ಕಟ್ಟಿದುದನ್ನೂ ಎದುರಿಸಿದ ವಿವಾದಗಳನ್ನೂ ಬಲ್ಲವರು ವಿರಳ. ಆ ದಶಕದ ಲೆಕ್ಕವನ್ನು ಪಕ್ಷಪಾತವಿಲ್ಲದೆ ನೋಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಖನೌ ನಗರದಲ್ಲಿ ಜನಿಸಿದ ಅಮೃತ್ ಕೌರ್ ಕಪೂರ್ತಲಾ ರಾಜಮನೆತನದವರು. ತಂದೆ ರಾಜಾ ಹರನಾಮ್ ಸಿಂಗ್ ಕ್ರೈಸ್ತ ಮತವನ್ನು ಸ್ವೀಕರಿಸಿದ್ದರು. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ ಮರಳಿದ ಮಗಳು, ತಂದೆಯ ಸ್ನೇಹಿತರಾದ ಗೋಖಲೆಯವರ ಪ್ರಭಾವಕ್ಕೂ ತರುವಾಯ ಗಾಂಧೀಜಿಯವರ ಪ್ರಭಾವಕ್ಕೂ ಒಳಗಾದರು. 1927ರಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತಿನ ಸ್ಥಾಪಕರಲ್ಲಿ ಒಬ್ಬರಾದರು. ಅರಮನೆಯ ಸುಖವನ್ನು ತೊರೆದು ಸೇವಾಗ್ರಾಮದಲ್ಲಿ ನೆಲೆಸಿದರು. 1942ರ ಚಳವಳಿಯಲ್ಲಿ ಕಾರಾಗೃಹವಾಸವನ್ನೂ ಅನುಭವಿಸಿದರು. ಅವಿವಾಹಿತೆಯಾಗಿಯೇ ಉಳಿದು ಸಾರ್ವಜನಿಕ ಸೇವೆಯನ್ನು ಜೀವನವ್ರತವಾಗಿ ಮಾಡಿಕೊಂಡರು.

ತಮ್ಮ ಮನಸ್ಸಿಗೆ ಸತ್ಯವೆಂದು ತೋರಿದುದನ್ನು ಯಾರ ಮುಂದೆಯೂ ಬಿಟ್ಟುಕೊಡದಿರುವುದು ಅವರ ಸ್ವಭಾವ. ಸಂವಿಧಾನ ಸಭೆಯಲ್ಲಿಯೂ ಅದು ಪ್ರಕಟವಾಯಿತು. ಮತಾಚರಣೆಯ ಸ್ವಾತಂತ್ರ್ಯವನ್ನು ಮಿತಿಯಿಲ್ಲದೆ ನೀಡಿದರೆ ಪರದೆ, ದೇವದಾಸಿ ಮುಂತಾದ ಪದ್ಧತಿಗಳನ್ನು ತೊಡೆದುಹಾಕುವ ಶಾಸನಗಳಿಗೆ ಅಡ್ಡಿಯುಂಟಾದೀತೆಂದು ಅವರೂ ಹಂಸಾ ಮೆಹ್ತಾ ಅವರೂ 1947ರಲ್ಲಿ ಎಚ್ಚರಿಸಿದರು. ಸಂವಿಧಾನದ 25ನೆಯ ವಿಧಿಯಲ್ಲಿ ಸಮಾಜ ಸುಧಾರಣೆಗೆ ಪ್ರತ್ಯೇಕ ಅವಕಾಶವಿರುವುದನ್ನು ಇಲ್ಲಿ ನೆನೆಯಬೇಕು. ಮಹಿಳೆಯರಿಗೆ ಪ್ರತ್ಯೇಕ ಸ್ಥಾನಗಳನ್ನು ಕಾದಿರಿಸುವುದನ್ನಾದರೋ ಅವರು ಒಪ್ಪಲಿಲ್ಲ. ಸಮಾನ ಮತಾಧಿಕಾರವೇ ಸಾಕೆಂಬುದು ಅವರ ನಿಲುವಾಗಿತ್ತು.

ಖಾತೆಯನ್ನು ವಹಿಸಿಕೊಂಡಾಗ ದೇಶ ವಿಭಜನೆಯಿಂದ ತತ್ತರಿಸುತ್ತಿತ್ತು. ನಿರಾಶ್ರಿತರ ಶಿಬಿರಗಳಲ್ಲಿ ಸಾಂಕ್ರಾಮಿಕ ರೋಗಗಳ ಭೀತಿ, ಹಳ್ಳಿಗಳಲ್ಲಿ ಮಲೇರಿಯಾ ಮತ್ತು ಕ್ಷಯ. ವೈದ್ಯರೂ ದಾದಿಯರೂ ಅತ್ಯಲ್ಪ. 1950ರಲ್ಲಿ ವಿಶ್ವ ಆರೋಗ್ಯ ಸಭೆಯ ಅಧ್ಯಕ್ಷರಾಗಿ ಆಯ್ಕೆಯಾದ ಅವರು ಆ ಪೀಠವನ್ನೇರಿದ ಪ್ರಥಮ ಮಹಿಳೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಪ್ರಾರಂಭವಾಯಿತು. ಉನ್ನತ ವೈದ್ಯ ಶಿಕ್ಷಣಕ್ಕಾಗಿ ಕೇಂದ್ರ ಸಂಸ್ಥೆಯೊಂದು ಬೇಕೆಂದು ಭೋರ್ ಸಮಿತಿ 1946ರಲ್ಲಿಯೇ ಸಲಹೆ ಮಾಡಿತ್ತು. ಆ ಸಲಹೆಗೆ ಜೀವ ತುಂಬಿದವರು ಅಮೃತ್ ಕೌರ್. ಕೊಲಂಬೋ ಯೋಜನೆಯ ಮೂಲಕ ನ್ಯೂಜಿಲೆಂಡಿನ ನೆರವು ದೊರೆಯಿತು. 1956ರ ಫೆಬ್ರವರಿಯಲ್ಲಿ ಲೋಕಸಭೆಯಲ್ಲಿ ಮಸೂದೆಯನ್ನು ಅವರೇ ಮಂಡಿಸಿದರು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹೀಗೆ ಸ್ವಾಯತ್ತ ಸಂಸ್ಥೆಯಾಗಿ ಹುಟ್ಟಿತು. ಅಲ್ಲಿನ ಅಧ್ಯಾಪಕರು ಖಾಸಗಿ ವೈದ್ಯವೃತ್ತಿ ನಡೆಸದೆ ಬೋಧನೆ, ಸಂಶೋಧನೆ, ಚಿಕಿತ್ಸೆಗಳಿಗೇ ಮೀಸಲಾಗಿರಬೇಕೆಂಬ ನಿಯಮವೂ ಆಯಿತು.

ಇನ್ನು ವಿವಾದಗಳ ಮಾತು. ಮೊದಲನೆಯದು ಕ್ಷಯ ನಿವಾರಣೆಯ ಬಿ.ಸಿ.ಜಿ. ಲಸಿಕೆಯದು. 1948ರಲ್ಲಿ ಮದರಾಸಿನ ಗಿಂಡಿಯಲ್ಲಿ ಲಸಿಕೆ ತಯಾರಿಸುವ ಪ್ರಯೋಗಶಾಲೆ ಏರ್ಪಟ್ಟಿತು; 1951ರಿಂದ ದೇಶವ್ಯಾಪಿ ಆಂದೋಲನ ನಡೆಯಿತು. 1955ರಲ್ಲಿ ಅದಕ್ಕೆ ಬಹಿರಂಗ ವಿರೋಧ ತೋರಿದವರು ಬೇರಾರೂ ಅಲ್ಲ, ರಾಜಾಜಿ. ಗುಣ ಇನ್ನೂ ಸಿದ್ಧವಾಗದ ಲಸಿಕೆಯನ್ನು ಕೋಟ್ಯಂತರ ಮಕ್ಕಳಿಗೆ ಹಾಕುವುದು ಸರಿಯಲ್ಲವೆಂದು ಅವರು ವಾದಿಸಿದರು. ಗಾಂಧೀಜಿಯವರ ಇಬ್ಬರು ಆಪ್ತರು ಹೀಗೆ ಎದುರುಬದುರಾಗಿ ನಿಂತರು. ತಜ್ಞರ ಮಾತನ್ನು ನೆಚ್ಚಿದ ಸಚಿವೆ ಹಿಂಜರಿಯಲಿಲ್ಲ; ಆಂದೋಲನ ಮುಂದುವರಿಯಿತು. ಮುಂದೆ 1968ರಲ್ಲಿ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಪ್ರಾರಂಭವಾದ ಬೃಹತ್ ಪರೀಕ್ಷೆಯು ವಯಸ್ಕರ ಶ್ವಾಸಕೋಶದ ಕ್ಷಯವನ್ನು ಈ ಲಸಿಕೆ ತಡೆಯಲಿಲ್ಲವೆಂದು ತೋರಿಸಿತು. ಎಳೆಯ ಮಕ್ಕಳನ್ನು ಮಿದುಳುಪೊರೆಯ ಕ್ಷಯದಂತಹ ಘೋರ ರೂಪಗಳಿಂದ ಅದು ರಕ್ಷಿಸುವುದೆಂಬುದೂ ಸ್ಥಿರಪಟ್ಟಿದೆ. ಆದುದರಿಂದಲೇ ಅದನ್ನು ಈಗಲೂ ನವಜಾತ ಶಿಶುಗಳಿಗೆ ಹಾಕುತ್ತಾರೆ. ರಾಜಾಜಿಯವರ ಸಂಶಯ ನಿರಾಧಾರವಾಗಿರಲಿಲ್ಲ. ಸಚಿವೆಯ ಛಲ ನಿಷ್ಫಲವೂ ಆಗಲಿಲ್ಲ.

ಎರಡನೆಯದು ಕುಟುಂಬ ಯೋಜನೆ. ಪ್ರಥಮ ಪಂಚವಾರ್ಷಿಕ ಯೋಜನೆಯಲ್ಲಿ ಇದಕ್ಕೆ 65 ಲಕ್ಷ ರೂಪಾಯಿ ಗೊತ್ತುಪಡಿಸಲಾಗಿತ್ತು. ಆದರೆ ಗಾಂಧೀಜಿಯವರಂತೆ ಅಮೃತ್ ಕೌರ್ ಸಂಯಮವನ್ನೇ ನಂಬಿದವರು. ಕೃತಕ ಸಾಧನಗಳು ಅವರಿಗೆ ಸಮ್ಮತವಾಗಿರಲಿಲ್ಲ. ಋತುಚಕ್ರದ ದಿನಗಳನ್ನೆಣಿಸಿ ಅನುಸರಿಸುವ ಕ್ರಮವೊಂದನ್ನೇ ಅವರು ಒಪ್ಪಿದರು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಡಾ. ಏಬ್ರಹಾಂ ಸ್ಟೋನ್ 1951ರಲ್ಲಿ ಬಂದರು. ದೆಹಲಿಯ ಲೋಧಿ ಕಾಲನಿಯಲ್ಲಿಯೂ ನಮ್ಮ ಮೈಸೂರು ರಾಜ್ಯದ ರಾಮನಗರದಲ್ಲಿಯೂ ಪ್ರಯೋಗಗಳು ನಡೆದವು. ದಿನಗಳ ಲೆಕ್ಕ ತಪ್ಪದಿರಲೆಂದು ಬಣ್ಣದ ಮಣಿಗಳ ಸರವನ್ನು ಸ್ತ್ರೀಯರ ಕೈಗೆ ಕೊಟ್ಟರು. ಬಹುಮಂದಿಗೆ ಅದನ್ನು ಪಾಲಿಸುವುದು ಸಾಧ್ಯವಾಗಲಿಲ್ಲ, ಪ್ರಯೋಗ ಸಫಲವಾಗಲಿಲ್ಲ. ಅನ್ಯ ಸಾಧನಗಳಿಗೆ ಸರಕಾರದ ಬೆಂಬಲ ದೊರೆಯುವುದು ಅಷ್ಟರಮಟ್ಟಿಗೆ ತಡವಾಯಿತು. ಮೇಲಿಂದ ಮೇಲೆ ಹೆರಿಗೆಯಿಂದ ಬಳಲುತ್ತಿದ್ದ ತಾಯಂದಿರ ಪಾಲಿಗೆ ಆ ವರ್ಷಗಳು ಅಲ್ಪವಲ್ಲ.

1957ರಲ್ಲಿ ಅವರು ಅಧಿಕಾರದಿಂದ ನಿವೃತ್ತರಾದ ಮೇಲೆ ಆರೋಗ್ಯ ಖಾತೆಯು ಧಾರವಾಡದ ಡಿ. ಪಿ. ಕರಮರಕರ ಅವರ ಕೈಸೇರಿತು. ರಾಜ್ಯಸಭೆಯ ಸದಸ್ಯರಾಗಿ ಉಳಿದ ಅಮೃತ್ ಕೌರ್ ತಾವು ಕಟ್ಟಿದ ಸಂಸ್ಥೆಯ ಯೋಗಕ್ಷೇಮವನ್ನು ಮರೆಯಲಿಲ್ಲ. ಸಿಮ್ಲಾದ ತಮ್ಮ ಮನೆಯನ್ನೂ ಅದಕ್ಕೆ ದಾನವಾಗಿತ್ತರು. 1964ರ ಫೆಬ್ರವರಿ 6ರಂದು ದೆಹಲಿಯಲ್ಲಿ ನಿಧನ ಹೊಂದಿದರು.

ಒಂದೇ ದೃಢಚಿತ್ತ ಎರಡು ಬಗೆಯ ಫಲ ಕೊಟ್ಟಿತೆಂಬುದು ನಮ್ಮ ಅಭಿಪ್ರಾಯ. ಲಸಿಕೆಯ ವಿಷಯದಲ್ಲಿ ಅವರು ತಜ್ಞರ ಮಾತಿಗೆ ತಲೆಬಾಗಿದರು. ಕುಟುಂಬ ಯೋಜನೆಯಲ್ಲಿ ಸ್ವಂತ ವ್ರತವನ್ನು ದೇಶದ ನೀತಿಯನ್ನಾಗಿಸಲು ಹೊರಟರು. ತಾನು ಪಾಲಿಸಿದ ನಿಯಮವನ್ನು ಪರರೆಲ್ಲರೂ ಪಾಲಿಸಬಲ್ಲರೆಂದು ನಂಬುವುದು ಸಜ್ಜನರಿಗೂ ತಪ್ಪದ ದೋಷ. ಆದರೂ ಮುಂಬಯಿ, ಮದರಾಸುಗಳಿಂದ ಮೊದಲುಗೊಂಡು ದೂರದ ಹಳ್ಳಿಗಳವರೆಗೆ ಎಲ್ಲೆಡೆಯ ಬಡ ರೋಗಿಗಳೂ ಇಂದಿಗೂ ದೆಹಲಿಯ ಆ ಆಸ್ಪತ್ರೆಯ ಬಾಗಿಲಿಗೆ ಭರವಸೆಯಿಂದ ಬರುತ್ತಿದ್ದಾರೆ. ಆ ಬಾಗಿಲನ್ನು ತೆರೆದವರ ಗುಣದೋಷಗಳೆರಡನ್ನೂ ಅರಿತು ಸ್ಮರಿಸುವುದೇ ನಾವು ಅವರಿಗೆ ಸಲ್ಲಿಸಬಹುದಾದ ಗೌರವ.