ಪಂಡಿತಾ ರಮಾಬಾಯಿಯವರು
ಹಾಸನಕ್ಕೆ ನೆರೆಯಾದ ಚಿಕ್ಕಮಗಳೂರು ಸೀಮೆಯ ಗಂಗಾಮೂಲದ ಅರಣ್ಯದಲ್ಲಿ 1858ರಲ್ಲಿ ರಮಾಬಾಯಿಯವರು ಜನಿಸಿದರು. ಕ್ಷಾಮದಲ್ಲಿ ತಂದೆತಾಯಿಗಳೂ ಅಕ್ಕನೂ ತೀರಿಕೊಂಡರು. ಉಳಿದ ಅಣ್ಣತಂಗಿಯರು ಕಾಲ್ನಡೆಯಿಂದ ದೇಶವನ್ನು ಸಂಚರಿಸುತ್ತ ಪಂಜಾಬಿನ ಜೇಲಂ ನದೀತೀರವನ್ನು ಸೇರಿದಾಗ, ಮಾಗಿಯ ಚಳಿಗೆ ಹೊದೆಯಲು ಕಂಬಳಿಯಿರಲಿಲ್ಲ. ಸಮಾಧಿಯಂತಹ ಎರಡು ಗುಳಿಗಳನ್ನು ತೋಡಿ, ತಲೆಯೊಂದನ್ನುಳಿದು ಮೈಗೆಲ್ಲ ಒಣಮರಳನ್ನೆಳೆದುಕೊಂಡು ಮಲಗಿದರು! ಅರಕಲಗೂಡಿನ ಚಳಿಯಲ್ಲಿ ಕಂಬಳಿಯೊಳಗೆ ಬೆಳೆದವರಿಗೆ ಇದು ಊಹೆಗೂ ನಿಲುಕದು.

1880ರಲ್ಲಿ ಅಣ್ಣನೂ 1882ರಲ್ಲಿ ಪತಿಯೂ ಗತಿಸಿದರು. ಕೈಯಲ್ಲಿ ಹಸುಗೂಸು ಮನೋರಮೆ. 1889ರಲ್ಲಿ ಮುಂಬಯಿಯಲ್ಲಿ ಶಾರದಾಸದನವನ್ನು ಸ್ಥಾಪಿಸಿದರು. ಮುಂದೆ 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತಕ್ಕೆ ತಾವೇ ಹೋಗಿ, ವಿಧವೆಯರನ್ನೂ ಅನಾಥೆಯರನ್ನೂ ಪುಣೆಯ ಬಳಿಯ ಕೇಡಗಾಂವಿಗೆ ಕರೆತಂದರು. ಅಲ್ಲಿನ ಮುಕ್ತಿಸದನದಲ್ಲಿ ಓದಿನೊಡನೆ ಮಗ್ಗವೂ ಹೊಲಿಗೆಯೂ ನಡೆದುವು. ತಮ್ಮವರನ್ನು ಕಳೆದುಕೊಂಡ ಕೈಗಳೇ ಅಂತಹ ಸೋದರಿಯರಿಗಾಗಿ ಬಟ್ಟೆಯನ್ನು ನೇಯ್ದುವು.

1921ರಲ್ಲಿ ಮನೋರಮೆಯೂ ಅಗಲಿದರು. ಮರುವರ್ಷ ಏಪ್ರಿಲ್ 5ರಂದು ತಾಯಿಯೂ ಕಣ್ಮುಚ್ಚಿದರು.