ರಾಬರ್ಟ್ ಓವೆನ್

ಸಹಕಾರ ಚಳವಳಿಯ ಚರಿತ್ರೆಯನ್ನು ಓದಿದವರಿಗೆ ರಾಬರ್ಟ್ ಓವೆನ್ನನ ಹೆಸರು ಹೊಸತಲ್ಲ. ಆದರೆ ಆತನು ಗಿರಣಿಯ ಒಡೆಯನಾಗಿ ಕೆಲಸಗಾರರನ್ನು ನಡೆಸಿಕೊಂಡ ಬಗೆಯೂ ವಿಚಾರಾರ್ಹವಾದುದು.

ಓವೆನ್ನನು 1771ರ ಮೇ 14ರಂದು ವೇಲ್ಸಿನ ನ್ಯೂಟೌನ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ತಂದೆ ಕುದುರೆಯ ಜೀನು ಮಾಡುವವನು. ಹತ್ತರ ಪ್ರಾಯಕ್ಕೇ ಶಾಲೆಯ ಋಣ ತೀರಿತು. ಬಟ್ಟೆಯಂಗಡಿಯ ಚಾಕರಿ ಕಾದಿತ್ತು. ಬುದ್ಧಿಬಲದಿಂದ ಮೇಲೇರಿ, ಇಪ್ಪತ್ತರ ಹರೆಯದಲ್ಲಿಯೇ ಮ್ಯಾಂಚೆಸ್ಟರಿನ ನೂಲಿನ ಗಿರಣಿಯೊಂದರ ವ್ಯವಸ್ಥಾಪಕನಾದನು. 1799ರಲ್ಲಿ ಪಾಲುದಾರರೊಡನೆ ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಗಿರಣಿಗಳನ್ನು ಕೊಂಡು, ಮರುವರ್ಷ ಆಡಳಿತ ವಹಿಸಿಕೊಂಡನು.

ಅಲ್ಲಿ ಅನಾಥ ಮಕ್ಕಳೂ ದುಡಿಯುತ್ತಿದ್ದರು. ಕುಡಿತ, ಕಳ್ಳತನಗಳು ಸಾಮಾನ್ಯವಾಗಿದ್ದುವು. ಓವೆನ್ನನು ಬೆತ್ತವನ್ನು ನಂಬಲಿಲ್ಲ. ಪ್ರತಿಯೊಬ್ಬನ ಬಳಿಯೂ ನಾಲ್ಕು ಮುಖದ ಮರದ ತುಂಡೊಂದನ್ನು ತೂಗುಹಾಕಿಸಿದನು. ಹಿಂದಿನ ದಿನದ ನಡತೆ ಕೆಟ್ಟದ್ದಾದರೆ ಕಪ್ಪು ಮುಖ, ಸಾಧಾರಣವಾದರೆ ನೀಲಿ, ಒಳ್ಳೆಯದಾದರೆ ಹಳದಿ, ಅತ್ಯುತ್ತಮವಾದರೆ ಬಿಳಿ ಮುಂದಕ್ಕೆ ತಿರುಗುವುದು. ಇದಕ್ಕೆ ಮೌನ ಮೇಲ್ವಿಚಾರಕನೆಂದು ಹೆಸರು. ತೀರ್ಪು ಅನ್ಯಾಯವೆನಿಸಿದವನು ಓವೆನ್ನನಲ್ಲಿಯೇ ದೂರಿಕೊಳ್ಳಬಹುದಾಗಿತ್ತು.

ಮೊದಮೊದಲು ಜನ ಆತನನ್ನು ನಂಬಲಿಲ್ಲ. 19ನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಹತ್ತಿ ಬಾರದೆ ಗಿರಣಿ ನಾಲ್ಕು ತಿಂಗಳು ನಿಂತಾಗ, ಆತನು ಎಲ್ಲರಿಗೂ ಪೂರ್ಣ ಕೂಲಿ ಕೊಟ್ಟನು. ಅಂದಿನಿಂದ ಸಂದೇಹ ಕರಗಿತು. ಹತ್ತು ತುಂಬದ ಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿ, 1816ರಲ್ಲಿ ಅವರಿಗಾಗಿ ವಿದ್ಯಾಲಯವನ್ನು ತೆರೆದನು. ಇಷ್ಟಾದರೂ ಗಿರಣಿಗೆ ಲಾಭವೇ ಬಂದಿತು.

ಆದರೂ ಒಂದು ಕೊರತೆ ಉಳಿಯಿತು. ಮರದ ತುಂಡನ್ನು ತಿರುಗಿಸುವ ಕೈ ಎಂದೂ ಮೇಲಿನವರದೇ. ಗಿರಣಿಯ ಕಟ್ಟಳೆಗಳನ್ನು ಮಾಡುವುದರಲ್ಲಿ ಕೆಲಸಗಾರನಿಗೆ ಪಾಲಿರಲಿಲ್ಲ. ಓವೆನ್ನನು ತಂದೆಯಂತಿದ್ದನು, ಅವರು ಮಕ್ಕಳಂತಿದ್ದರು. 1825ರಲ್ಲಿ ಅಮೆರಿಕದಲ್ಲಿ ಆತನು ಸ್ಥಾಪಿಸಿದ ನ್ಯೂ ಹಾರ್ಮೊನಿ ಎಂಬ ಸಮಾನತೆಯ ಊರೂ ಕೆಲವೇ ವರ್ಷಗಳಲ್ಲಿ ಒಡೆಯಿತು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ನೇಕಾರರೇ ಮೊದಲಾದ 28 ಮಂದಿ ದುಡಿಯುವ ಜನರು ಸೇರಿ ಒಂದು ಅಂಗಡಿ ತೆರೆದರು. ಅವರಲ್ಲಿ ಹಲವರು ಓವೆನ್ನನ ವಿಚಾರಗಳನ್ನು ಮೆಚ್ಚಿದವರು. ಆದರೆ ಅಲ್ಲಿ ಒಡೆಯನಿರಲಿಲ್ಲ, ಸದಸ್ಯನೊಬ್ಬನಿಗೆ ಒಂದು ಮತವಿತ್ತು. ಗುರು ಕೊಡದೆ ಉಳಿಸಿದ್ದನ್ನು ಶಿಷ್ಯರು ತಾವೇ ಪಡೆದುಕೊಂಡರು.

1858ರ ನವೆಂಬರ್ 17ರಂದು ಹುಟ್ಟೂರಿನಲ್ಲಿಯೇ ಓವೆನ್ನನು ಕಾಲವಾದನು.

ಇಂದು ಮರದ ತುಂಡಿನ ಸ್ಥಾನದಲ್ಲಿ ಕಂಪ್ಯೂಟರು ಕುಳಿತು ನೌಕರನ ನಿಮಿಷಗಳನ್ನು ಎಣಿಸುತ್ತಿದೆ. ನಾಳೆ ನಮ್ಮಲ್ಲಿ ಕೆಲವರು ಅಧಿಕಾರಿಗಳಾಗುವೆವು, ಹಲವರು ನೌಕರರಾಗುವೆವು. ಒಡೆಯನ ದಯೆ ದೊಡ್ಡದು, ನಿಜ. ಆದರೆ ಕೆಲಸಗಾರನ ಮಾತಿಗೆ ಬೆಲೆಯಿರುವುದು ಅದಕ್ಕಿಂತ ದೊಡ್ಡದು. ಈ ಎರಡರ ಅಂತರವನ್ನು ಓವೆನ್ನನ ಬಾಳು ನಮಗೆ ತೋರಿಸಿಕೊಡುತ್ತದೆ.