ಬಣ್ಣದ ಲೋಹವನ್ನು ಕಂಡ ರೈತನ ಮಗ: ಲೂಯಿ ನಿಕೊಲಾ ವೋಕ್ಲಾಂ

ನಿಮ್ಮ ಮನೆಯ ಅಥವಾ ಶಾಲೆಯ ಅಲ್ಯೂಮಿನಿಯಂ ಕಿಟಕಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಕೆಲವು ಕಿಟಕಿಗಳ ಬಣ್ಣ ಹದಿನೈದು ಮಳೆಗಾಲ ಕಳೆದರೂ ಹಾಗೆಯೇ ಇರುತ್ತದೆ. ಇನ್ನು ಕೆಲವದರ ಬಣ್ಣ ಎರಡೇ ವರ್ಷದಲ್ಲಿ ಗುಳ್ಳೆ ಎದ್ದು, ಉಗುರು ತಾಗಿಸಿದರೆ ಸಿಪ್ಪೆಯಂತೆ ಕಳಚಿ ಬರುತ್ತದೆ. ನಮ್ಮ ಮನೆಯ ಹಿತ್ತಲ ಕಡೆಯ ಕಿಟಕಿಗೆ ಆದದ್ದೂ ಇದೇ. ಪೇಂಟ್ ಕಳಪೆ ಎಂದು ನಾನು ಅಂಗಡಿಯವನನ್ನು ಬೈದದ್ದೂ ಉಂಟು. ಆದರೆ ತಪ್ಪು ಪೇಂಟಿನದಾಗಿರಲಿಲ್ಲ. ಪೇಂಟ್ ಹಚ್ಚುವ ಮೊದಲು ಲೋಹಕ್ಕೆ ಮಾಡಬೇಕಾದ ಒಂದು ಕೆಲಸವನ್ನು ಯಾರೋ ಬಿಟ್ಟುಬಿಟ್ಟಿದ್ದರು. ವರ್ಕ್‌ಶಾಪಿನವರು ಅದನ್ನು ಕ್ರೋಮೇಟಿಂಗ್ ಎನ್ನುತ್ತಾರೆ. ಆ ಹೆಸರಿನಲ್ಲಿರುವ ಕ್ರೋಮಿಯಂ ಎಂಬ ಲೋಹವನ್ನು ಜಗತ್ತಿಗೆ ಪರಿಚಯಿಸಿದವರೇ ಈ ಲೇಖನದ ನಾಯಕರು. ಇಂಗ್ಲಿಷ್ ಪುಸ್ತಕಗಳಲ್ಲಿ ಅವರ ಹೆಸರನ್ನು ನೋಡಿ ವಾಕ್ವೆಲಿನ್ ಎಂದು ಓದುವವರಿದ್ದಾರೆ. ಫ್ರೆಂಚರ ಬಾಯಲ್ಲಿ ಅದು ವೋಕ್ಲಾಂ.

ಲೂಯಿ ನಿಕೊಲಾ ವೋಕ್ಲಾಂ ಹುಟ್ಟಿದ್ದು 1763ರ ಮೇ 16ರಂದು, ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಸೇಂತ್ ಆಂದ್ರೆ ದೆಬೆರ್ತೊ ಎಂಬ ಹಳ್ಳಿಯಲ್ಲಿ. ತಂದೆ ಬೇರೆಯವರ ಜಮೀನಿನಲ್ಲಿ ದುಡಿಯುತ್ತಿದ್ದವರು. ಹುಡುಗನೂ ಚಿಕ್ಕಂದಿನಲ್ಲಿ ಹೊಲದ ಕೆಲಸಕ್ಕೆ ಹೋಗುತ್ತಿದ್ದ. ಓದಿನಲ್ಲಿ ಚುರುಕಾಗಿದ್ದ ಅವನ ಕೈಹಿಡಿದವರು ಊರಿನ ಪಾದ್ರಿ. ಹದಿನಾಲ್ಕರ ಹರೆಯದಲ್ಲಿ ಅವನು ರೂವಾಂ ಪಟ್ಟಣದ ಒಂದು ಔಷಧದಂಗಡಿಗೆ ಕೆಲಸಕ್ಕೆ ಸೇರಿದ. ಸೀಸೆ ತೊಳೆಯುವುದು, ಒಲೆಗೆ ಬೆಂಕಿ ಹಾಕುವುದು, ಕಸ ಗುಡಿಸುವುದು ಅವನ ಕೆಲಸ.

ಆ ಅಂಗಡಿಯ ಯಜಮಾನರು ತಮ್ಮ ಶಿಷ್ಯರಿಗೆ ರಸಾಯನಶಾಸ್ತ್ರದ ಪಾಠ ಹೇಳುತ್ತಿದ್ದರು. ಹುಡುಗ ಕೆಲಸ ಮಾಡುತ್ತಲೇ ಕಿವಿಗೊಟ್ಟು ಕೇಳುತ್ತಿದ್ದ, ಕೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಒಂದು ದಿನ ಆ ಪುಸ್ತಕ ಯಜಮಾನರ ಕೈಗೆ ಸಿಕ್ಕಿತು. ಮೆಚ್ಚುವ ಬದಲು ಅವರು ಅದನ್ನು ಹರಿದು ಹಾಕಿ, ಇನ್ನು ಮುಂದೆ ಬರೆಯಕೂಡದೆಂದು ಕಟ್ಟಪ್ಪಣೆ ಮಾಡಿದರು. ಸೀಸೆ ತೊಳೆಯುವವನು ಸೀಸೆಯನ್ನಷ್ಟೇ ತೊಳೆಯಬೇಕೆಂಬುದು ಆ ಕಾಲದ ನ್ಯಾಯ! ಓದುಗರೇ, ಇಂಥ ಯಜಮಾನರು ಆ ಕಾಲಕ್ಕೇ ಮುಗಿದುಹೋದರೆಂದು ನಾನು ಹೇಳಲಾರೆ. ಹುಡುಗ ಆ ಅವಮಾನವನ್ನು ನುಂಗಲಾರದೆ ಅಂಗಡಿ ಬಿಟ್ಟ. ಜೇಬಿನಲ್ಲಿದ್ದ ಅಲ್ಪಸ್ವಲ್ಪ ಹಣದೊಂದಿಗೆ ಪ್ಯಾರಿಸಿನ ದಾರಿ ಹಿಡಿದ.

ಪ್ಯಾರಿಸಿನಲ್ಲಿ ಅವನನ್ನು ಕಾದಿದ್ದದ್ದು ಕಾಯಿಲೆ. ಬಡವರ ಆಸ್ಪತ್ರೆ ಓತೆಲ್ ದ್ಯೂನಲ್ಲಿ ಮಲಗಿ, ಗುಣವಾಗಿ ಹೊರಬಂದಾಗ ಕೆಲಸವೂ ಇಲ್ಲ, ಆಸರೆಯೂ ಇಲ್ಲ. ಕೊನೆಗೆ ಕರುಣೆಯಿಂದ ಒಳಕರೆದು ಕೆಲಸ ಕೊಟ್ಟವರು ಶೆರಾದಾಮ್ ಎಂಬ ಔಷಧ ವ್ಯಾಪಾರಿ. ಪ್ರಸಿದ್ಧ ರಸಾಯನ ವಿಜ್ಞಾನಿ ಆಂತ್ವಾನ್ ಫೂರ್‌ಕ್ರವಾ ಈ ಶೆರಾದಾಮರ ನೆಂಟರು. ಹುಡುಗನ ಕೈಚಳಕದ ಮಾತು ಅವರ ಕಿವಿಗೂ ಬಿತ್ತು. ಅವರು ಅವನನ್ನು ತಮ್ಮ ಪ್ರಯೋಗಶಾಲೆಗೆ ಸಹಾಯಕನಾಗಿ ಕರೆದುಕೊಂಡರು.

ಈ ಜೋಡಿ ವಿಚಿತ್ರವಾದದ್ದು. ಫೂರ್‌ಕ್ರವಾ ಮಾತಿನ ಮಲ್ಲ, ಅವರ ಉಪನ್ಯಾಸಕ್ಕೆ ಸಭಾಂಗಣ ತುಂಬುತ್ತಿತ್ತು. ವೋಕ್ಲಾಂ ಸಂಕೋಚದ ಸ್ವಭಾವದವರು, ವೇದಿಕೆ ಏರಿದರೆ ಮಾತು ತಡವರಿಸುತ್ತಿತ್ತು. ಆದರೆ ತಕ್ಕಡಿ, ಮೂಸೆ, ಆಮ್ಲದ ಸೀಸೆಗಳ ನಡುವೆ ನಿಂತರೆ ಅವರಿಗೆ ಸಮನಾದವರು ಯುರೋಪಿನಲ್ಲೇ ವಿರಳ. ಇಬ್ಬರೂ ಸೇರಿ ಹಲವಾರು ಪ್ರಬಂಧಗಳನ್ನು ಪ್ರಕಟಿಸಿದರು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ವೋಕ್ಲಾಂ ಪ್ಯಾರಿಸ್ ಬಿಟ್ಟು ಮೆಲಾಂ ಊರಿನ ಸೈನಿಕ ಆಸ್ಪತ್ರೆಯಲ್ಲಿ ಔಷಧ ತಯಾರಕರಾಗಿ ದುಡಿದರು. ಮರಳಿ ಬಂದ ಮೇಲೆ ಗಣಿ ಶಾಲೆಯಲ್ಲಿ ಅದಿರುಗಳನ್ನು ಪರೀಕ್ಷಿಸುವ ಕೆಲಸ, ಪಾಠ ಹೇಳುವ ಕೆಲಸ ಸಿಕ್ಕಿತು.

ಈಗ ಮುಖ್ಯ ಘಟನೆಗೆ ಬರೋಣ. ರಷ್ಯಾದ ಉರಲ್ ಪರ್ವತದ ಬೆರ್ಯೊಜೊವ್‌ಸ್ಕ್ ಗಣಿಯಲ್ಲಿ ಕಿತ್ತಳೆ ಕೆಂಪಿನ ಒಂದು ಖನಿಜ ಸಿಗುತ್ತಿತ್ತು. ಸೈಬೀರಿಯದ ಕೆಂಪು ಸೀಸ ಎಂದು ಅದಕ್ಕೆ ಹೆಸರು. ಚಿತ್ರಕಾರರು ಬಣ್ಣಕ್ಕಾಗಿ ಅದನ್ನು ಕೊಳ್ಳುತ್ತಿದ್ದರು. 1789ರಲ್ಲಿ ವೋಕ್ಲಾಂ ಮತ್ತು ಮಕಾರ್ ಎಂಬವರು ಅದನ್ನು ವಿಶ್ಲೇಷಿಸಿ ಸೀಸ, ಕಬ್ಬಿಣ, ಅಲ್ಯೂಮಿನ ಇವೆ ಎಂದು ವರದಿ ಮಾಡಿದ್ದರು. ಆ ವರದಿ ತಪ್ಪಾಗಿತ್ತು. ಎಂಟು ವರ್ಷಗಳ ನಂತರ, 1797ರಲ್ಲಿ, ವೋಕ್ಲಾಂ ಅದೇ ಕಲ್ಲನ್ನು ಮತ್ತೆ ಕೈಗೆತ್ತಿಕೊಂಡರು. ಸ್ವಂತ ಹೆಸರಿನಲ್ಲಿ ಅಚ್ಚಾದ ತಪ್ಪನ್ನು ತಾವೇ ಕೆದಕಿ ನೋಡುವವರು ಎಷ್ಟು ಮಂದಿ?

ಖನಿಜವನ್ನು ಪುಡಿಮಾಡಿ ಪೊಟ್ಯಾಸಿಯಂ ಕಾರ್ಬೊನೇಟಿನ ನೀರಿನಲ್ಲಿ ಕುದಿಸಿದರು. ಸೀಸವು ಬಿಳಿ ಗಷ್ಟಾಗಿ ತಳಕ್ಕೆ ಇಳಿಯಿತು, ಮೇಲೆ ಹಳದಿ ದ್ರಾವಣ ಉಳಿಯಿತು. ಅದಕ್ಕೆ ಪಾದರಸದ ಲವಣ ಸೇರಿಸಿದರೆ ಕೆಂಪು, ಸೀಸದ ಲವಣ ಸೇರಿಸಿದರೆ ಚೆಂದದ ಹಳದಿ, ತವರದ ಲವಣ ಸೇರಿಸಿದರೆ ಹಸಿರು! ಗೊತ್ತಿದ್ದ ಯಾವ ಲೋಹವೂ ಹೀಗೆ ಬಣ್ಣ ಬದಲಿಸುತ್ತಿರಲಿಲ್ಲ. ಮರುವರ್ಷ ಅವರು ಸೀಸವನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ಬೇರ್ಪಡಿಸಿ, ಉಳಿದ ಆಕ್ಸೈಡನ್ನು ಇದ್ದಿಲಿನ ಮೂಸೆಯಲ್ಲಿಟ್ಟು ಉಗ್ರವಾದ ಬೆಂಕಿಯಲ್ಲಿ ಕಾಸಿದರು. ಮೂಸೆ ತಣಿದಾಗ ಒಳಗೆ ಬೂದುಬಣ್ಣದ ಸೂಜಿಯಂಥ ಲೋಹದ ಎಳೆಗಳಿದ್ದವು. ಗ್ರೀಕಿನಲ್ಲಿ ಬಣ್ಣಕ್ಕೆ ಕ್ರೋಮಾ ಎನ್ನುತ್ತಾರೆ. ಫೂರ್‌ಕ್ರವಾ ಮತ್ತು ಖನಿಜ ವಿಜ್ಞಾನಿ ಆಯ್ವಿ ಅವರ ಸಲಹೆಯಂತೆ ಹೊಸ ಲೋಹಕ್ಕೆ ಕ್ರೋಮ್ ಎಂದು ಹೆಸರಾಯಿತು. ಪಚ್ಚೆಯ ಹಸಿರಿಗೂ ಇದೇ ಕಾರಣವೆಂದು ವೋಕ್ಲಾಂ ತೋರಿಸಿದರು. 1798ರಲ್ಲೇ ಬೆರಿಲ್ ಮತ್ತು ಪಚ್ಚೆಯಲ್ಲಿ ಇನ್ನೊಂದು ಹೊಸ ಧಾತು ಅಡಗಿರುವುದನ್ನೂ ಪತ್ತೆ ಮಾಡಿದರು. ನಾವು ಇಂದು ಬೆರಿಲಿಯಂ ಎನ್ನುವುದು ಅದನ್ನೇ.

ಅದೇ 1797ರಲ್ಲಿ ಅವರು ಇನ್ನೊಂದು ಕೆಲಸ ಮಾಡಿದ್ದರು. ಕ್ಷೌರದಂಗಡಿಯಲ್ಲಿ ನೀವು ನೋಡಿರುವ ಪಟಿಕವು ಅಲ್ಯೂಮಿನಿಯಂ ಮತ್ತು ಪೊಟ್ಯಾಸಿಯಂ ಎರಡೂ ಸೇರಿದ ಜೋಡಿ ಲವಣವೆಂದು ತೋರಿಸಿಕೊಟ್ಟರು. ಪಟಿಕ ಕಾಯಿಸುವವರು ಅದುವರೆಗೆ ಬೂದಿಯ ಕ್ಷಾರವನ್ನು ಏಕೆ ಸೇರಿಸುತ್ತೇವೆಂದು ತಿಳಿಯದೆಯೇ ಸೇರಿಸುತ್ತಿದ್ದರು. ಆದರೆ ಅಲ್ಯೂಮಿನಿಯಂ ಲೋಹವನ್ನು ಆಗ ಯಾರೂ ಕಂಡಿರಲಿಲ್ಲ. ಡೆನ್ಮಾರ್ಕಿನ ಎರ್ಸ್ಟೆಡ್ ಅದನ್ನು ಮೊದಲು ತೆಗೆದದ್ದು 1825ರಲ್ಲಿ, ಅಗ್ಗವಾಗಿ ತಯಾರಿಸುವ ವಿಧಾನ ಬಂದದ್ದು 1886ರಲ್ಲಿ. ಹೀಗಾಗಿ ತಮ್ಮ ಕ್ರೋಮಿಯಂ ಅಲ್ಯೂಮಿನಿಯಂಗೆ ಕಾವಲಾಗುವುದನ್ನು ವೋಕ್ಲಾಂ ಕಾಣಲಿಲ್ಲ.

ಆ ಕಾವಲು ಹೇಗೆ? ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ಅದರ ಮೈಮೇಲೆ ಆಕ್ಸೈಡಿನ ಪೊರೆ ಹುಟ್ಟುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್. ಈ ಪೊರೆಯಿಂದಲೇ ಅದು ಕಬ್ಬಿಣದಂತೆ ತುಕ್ಕು ಹಿಡಿದು ಉದುರುವುದಿಲ್ಲ. ಆದರೆ ಕಡಲ ಗಾಳಿಯ ಉಪ್ಪು ಈ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ವಿಮಾನಕ್ಕೆ ಬಳಸುವ, ತಾಮ್ರ ಬೆರೆತ ಮಿಶ್ರಲೋಹಕ್ಕಂತೂ ಈ ಬಾಧೆ ಹೆಚ್ಚು. ಮೇಲಾಗಿ ಆ ನುಣುಪಾದ ಪೊರೆಯನ್ನು ಪೇಂಟ್ ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಅದಕ್ಕಾಗಿ ಎಣ್ಣೆ ಜಿಡ್ಡು ತೆಗೆದು ತೊಳೆದ ತಗಡನ್ನು ಕ್ರೋಮಿಕ್ ಆಮ್ಲ ಮತ್ತು ಸ್ವಲ್ಪ ಫ್ಲೋರೈಡ್ ಇರುವ ತೊಟ್ಟಿಯಲ್ಲಿ ಕೆಲವು ನಿಮಿಷ ಮುಳುಗಿಸುತ್ತಾರೆ. ಫ್ಲೋರೈಡ್ ಹಳೆಯ ಪೊರೆಯನ್ನು ಕರಗಿಸುತ್ತದೆ. ಬಯಲಾದ ಅಲ್ಯೂಮಿನಿಯಂ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಹಳದಿ ಕ್ರೋಮಿಯಂ ಅದನ್ನು ಪಡೆದು ಹಸಿರು ಜಾತಿಯ ಕ್ರೋಮಿಯಂ ಆಗುತ್ತದೆ. ಅಷ್ಟರಲ್ಲಿ ಲೋಹದ ಮೈಗೆ ತಾಗಿದ ನೀರಿನ ಆಮ್ಲತೆ ಇಳಿದು, ಆ ಕ್ರೋಮಿಯಂ ಲೋಳೆಯ ರೂಪದಲ್ಲಿ ಅಲ್ಲೇ ಕೂರುತ್ತದೆ. ವೋಕ್ಲಾಂ ತಮ್ಮ ಗಾಜಿನ ಪಾತ್ರೆಯಲ್ಲಿ ತವರದ ಲವಣ ಹಾಕಿ ಕಂಡ ಬದಲಾವಣೆಯೇ ಇದು. ಇಲ್ಲಿ ತವರದ ಕೆಲಸವನ್ನು ಅಲ್ಯೂಮಿನಿಯಂ ಮಾಡುತ್ತದೆ, ಅಷ್ಟೇ.

ಇದು ಮೇಲಿಂದ ಬಳಿದ ಲೇಪವಲ್ಲ, ಲೋಹದ ಮೈಯೇ ಬದಲಾಗಿ ಬಂದ ಪದರ. ಆದ್ದರಿಂದಲೇ ಇದಕ್ಕೆ ಪರಿವರ್ತನಾ ಲೇಪನ ಎಂಬ ಹೆಸರು. ದಪ್ಪ ಒಂದು ಮೈಕ್ರಾನಿಗಿಂತಲೂ ಕಡಿಮೆ, ಬಣ್ಣ ತಿಳಿ ಚಿನ್ನದಂತೆ. ಹೆಚ್ಚು ಹೊತ್ತು ಮುಳುಗಿಸಿದರೆ ಒಳ್ಳೆಯದೆಂದು ತಿಳಿಯಬೇಡಿ, ಪದರ ಪುಡಿಪುಡಿಯಾಗುತ್ತದೆ. ಒಣಗಿಸುವಾಗ ಬಿಸಿ ಹೆಚ್ಚಾದರೆ ನೀರಿನಂಶ ಹೋಗಿ ಬಿರುಕು ಬಿಡುತ್ತದೆ. ಸರಿಯಾಗಿ ಕೂತರೆ ಮಾತ್ರ ಪೇಂಟಿಗೆ ಗಟ್ಟಿ ಹಿಡಿತ ಸಿಗುತ್ತದೆ. ಪದರದೊಳಗೆ ಸಿಕ್ಕಿಬಿದ್ದ ಸ್ವಲ್ಪ ಹಳದಿ ಕ್ರೋಮಿಯಂ, ಗೀರು ಬಿದ್ದಾಗ ತೇವದಲ್ಲಿ ಹರಿದುಬಂದು ಆ ಗಾಯವನ್ನೂ ಮುಚ್ಚುತ್ತದೆ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ವಿಮಾನ ಕಟ್ಟುವವರು ಇದನ್ನು ನೆಚ್ಚಿಕೊಂಡದ್ದು ಈ ಗುಣಕ್ಕಾಗಿ.

ಆದರೆ ಆ ಹಳದಿಯೇ ವಿಷ. ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ಈ ರೂಪ ಚರ್ಮಕ್ಕೆ ಹುಣ್ಣು ತರುತ್ತದೆ, ಉಸಿರಿನಲ್ಲಿ ಹೋದರೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ತಮಿಳುನಾಡಿನ ರಾಣಿಪೇಟೆಯಲ್ಲಿ ಬಿಟ್ಟುಹೋದ ಕ್ರೋಮೇಟ್ ತ್ಯಾಜ್ಯದ ರಾಶಿ ಅಂತರ್ಜಲವನ್ನೇ ಕೆಡಿಸಿತು. ಯುರೋಪಿನಲ್ಲಿ 2017ರ ಸೆಪ್ಟೆಂಬರಿನಿಂದ ವಿಶೇಷ ಅನುಮತಿ ಇಲ್ಲದೆ ಕ್ರೋಮಿಯಂ ಟ್ರೈಆಕ್ಸೈಡ್ ಬಳಸುವಂತಿಲ್ಲ. ಅಮೆರಿಕದ ನೌಕಾಪಡೆಯ ಪ್ರಯೋಗಶಾಲೆಗಳು ನಿರಪಾಯಕ್ಕೆ ಹತ್ತಿರವಾದ ಟ್ರೈವೇಲೆಂಟ್ ಕ್ರೋಮಿಯಂ ವಿಧಾನವನ್ನು ರೂಪಿಸಿದವು. ಕಿಟಕಿ ಬಾಗಿಲುಗಳಿಗೆ ಜಿರ್ಕೋನಿಯಂ, ಟೈಟಾನಿಯಂ ದ್ರಾವಣಗಳೂ ಬಂದಿವೆ. ನಿಮ್ಮಲ್ಲಿ ಯಾರಾದರೂ ಐಟಿಐ ಮುಗಿಸಿ ಪೌಡರ್ ಕೋಟಿಂಗ್ ಘಟಕಕ್ಕೆ ಸೇರಿದರೆ, ತೊಟ್ಟಿಯಲ್ಲಿರುವುದು ಯಾವ ದ್ರಾವಣವೆಂದು ಮೊದಲ ದಿನವೇ ಕೇಳಿ. ಹಳದಿ ದ್ರಾವಣವಾದರೆ ಕೈಗವಸು ಇಲ್ಲದೆ ಹತ್ತಿರ ಹೋಗಬೇಡಿ. ನಮ್ಮದೇ ಹಾಸನ ಜಿಲ್ಲೆಯ ಬೈರಾಪುರದಲ್ಲಿ ಕ್ರೋಮಿಯಂ ಅದಿರು ಇದೆಯೆಂಬುದೂ ನಿಮಗೆ ತಿಳಿದಿರಲಿ.

ವೋಕ್ಲಾಂ ಅವರ ಉಳಿದ ಬದುಕನ್ನು ಹೇಳಿ ಮುಗಿಸುತ್ತೇನೆ. ಹಳ್ಳಿಯಿಂದ ಬರಿಗೈಯಲ್ಲಿ ಬಂದ ತೆನಾರ್ ಎಂಬ ರೈತನ ಮಗ ಒಮ್ಮೆ ಅವರ ಬಾಗಿಲಿಗೆ ಬಂದ. ಇಟ್ಟುಕೊಳ್ಳಲು ಸಾಧ್ಯವಿಲ್ಲವೆಂದು ಅವರು ಹಿಂಜರಿದಾಗ, ಅಡುಗೆಯ ಪಾತ್ರೆಯನ್ನಾದರೂ ನೋಡಿಕೊಳ್ಳುತ್ತಾನೆಂದು ಮನೆಯ ಹೆಂಗಸರು ಪರ ವಹಿಸಿದರು. ಒಲೆಯ ಮುಂದೆ ಕೂತ ಆ ಹುಡುಗನೇ ಮುಂದೆ ಹೈಡ್ರೋಜನ್ ಪೆರಾಕ್ಸೈಡನ್ನು ಕಂಡುಹಿಡಿದ. ಫೂರ್‌ಕ್ರವಾ 1809ರಲ್ಲಿ ತೀರಿಕೊಂಡ ಮೇಲೆ ಅವರ ಪೀಠಕ್ಕೆ ಅರ್ಹತೆ ಪಡೆಯಲು ವೋಕ್ಲಾಂ ಮೆದುಳಿನ ರಾಸಾಯನಿಕ ವಿಶ್ಲೇಷಣೆಯ ಪ್ರಬಂಧ ಬರೆದು ವೈದ್ಯಕೀಯ ಪದವಿ ಗಳಿಸಿದರು. 1822ರಲ್ಲಿ ಸರ್ಕಾರ ವೈದ್ಯ ವಿಭಾಗವನ್ನೇ ಮುಚ್ಚಿತು, ಮತ್ತೆ ತೆರೆದಾಗ ಅವರಿಗೆ ಅಲ್ಲಿ ಸ್ಥಾನವಿರಲಿಲ್ಲ. ಅವರು ಮದುವೆಯಾಗಲಿಲ್ಲ. ಗುರುವಿನ ಸಹೋದರಿಯರನ್ನು ಮನೆಯಲ್ಲಿಟ್ಟುಕೊಂಡು ಅವರ ಕೊನೆಯವರೆಗೂ ಸಾಕಿದರು. ಕೊನೆಯ ವರ್ಷಗಳಲ್ಲಿ ಹುಟ್ಟೂರಿನ ಸೀಮೆಯವರು ಅವರನ್ನು ಸಂಸತ್ತಿಗೆ ಆರಿಸಿ ಕಳಿಸಿದರು. 1829ರ ನವೆಂಬರ್ 14ರಂದು, ಬಾಲ್ಯದಲ್ಲಿ ಹೊಲದ ಕೆಲಸ ಮಾಡಿದ ಅದೇ ಹಳ್ಳಿಯಲ್ಲಿ ಅವರು ಕೊನೆಯುಸಿರೆಳೆದರು.